ದಿನಬಳಕೆಯ ಇಂಗ್ಲಿಷ್ ಮಾತುಗಳ ಗ್ರೀಕ್ ಮೂಲ

ಇಂಗ್ಲಿಷ್ ಭಾಷೆ ವಂಶದಿಂದ ಜರ್ಮಾನಿಕ್ ವರ್ಗಕ್ಕೆ ಸೇರಿದುದು; ಅದರ ಸರ್ವನಾಮಗಳು, ಸಂಖ್ಯಾವಾಚಕಗಳು, ಬಂಧುವಾಚಕಗಳು, ಉಣ್ಣುವ ಮಲಗುವ ನಡೆಯುವ ಸಾಮಾನ್ಯ ಕ್ರಿಯಾಪದಗಳು ಬಹುಮಟ್ಟಿಗೆ ಆ ವಂಶದ ಸ್ವತ್ತೇ ಆಗಿವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಅರಮನೆ, ನ್ಯಾಯಸ್ಥಾನ, ಪಾಕಶಾಲೆಗಳ ಮಾರ್ಗವಾಗಿ ಫ್ರೆಂಚ್ ಪದಗಳು ಒಳಹೊಕ್ಕವು. ಮಠಗಳಿಂದಲೂ ವಿದ್ಯಾಪೀಠಗಳಿಂದಲೂ ಲ್ಯಾಟಿನ್ ಪದಗಳು ಬಂದವು. ಗ್ರೀಕಿನ ಋಣವಾದರೋ ಇವೆರಡಕ್ಕಿಂತಲೂ ಬೇರೆ ಬಗೆಯದು. ಗ್ರೀಕರು ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋದವರಲ್ಲ, ಅಲ್ಲಿ ಆಳಿದವರಲ್ಲ, ಗುಂಪುಗೂಡಿ ನೆಲಸಿದವರೂ ಅಲ್ಲ. ಆದರೂ ಇಂಗ್ಲಿಷನ್ನಾಡುವ ಸಾಮಾನ್ಯ ಮನುಷ್ಯನು ಸ್ಕೂಲ್, ಚೇರ್, ಲ್ಯಾಂಪ್, ಪೇಪರ್, ಇಂಕ್, ಬಟರ್, ಬಾಕ್ಸ್ ಎಂದು ತನ್ನ ಸುತ್ತಲಿನ ವಸ್ತುಗಳನ್ನು ಹೆಸರಿಸಿದಾಗಲೆಲ್ಲ, ತಾನರಿಯದೆಯೇ ಗ್ರೀಕ್ ಶಬ್ದಗಳನ್ನು ಉಚ್ಚರಿಸುತ್ತಿರುತ್ತಾನೆ. ಇವುಗಳಲ್ಲಿ ಹೆಚ್ಚಿನವು ಗ್ರೀಕರ ಬಾಯಿಂದ ನೇರವಾಗಿ ಬಂದವಲ್ಲ. ರೋಮನರು, ಕ್ರೈಸ್ತ ಸಂನ್ಯಾಸಿಗಳು, ಅರಬ್ಬಿ ಪಂಡಿತರು, ಫ್ರೆಂಚ್ ವರ್ತಕರು, ಕಡೆಗೆ ಪ್ರಯೋಗಶಾಲೆಯ ವಿಜ್ಞಾನಿಗಳು ಒಬ್ಬರಾದಮೇಲೊಬ್ಬರು ಅವುಗಳನ್ನು ಹೊತ್ತು ತಂದರು, ತರುವಾಗ ರೂಪವನ್ನೂ ಅನೇಕ ವೇಳೆ ಅರ್ಥವನ್ನೂ ಮಾರ್ಪಡಿಸಿದರು. ಆದುದರಿಂದ ಇಂಥ ಪದಕ್ಕೆ ಇಂಥದು ಮೂಲವೆಂದು ಹೇಳಿ ಮುಗಿಸಿದರೆ ವಿಷಯದ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಅದು ನಡೆದು ಬಂದ ದಾರಿಯೇ ಉಳಿದರ್ಧ.

ಎಲ್ಲಕ್ಕಿಂತ ಹಳೆಯ ಪದರವು ಕ್ರೈಸ್ತಧರ್ಮದೊಡನೆ ಬಂದುದು. 597ರಲ್ಲಿ ಸಂತ ಅಗಸ್ಟೀನನು ರೋಮಿನಿಂದ ಕೆಂಟ್ ಪ್ರಾಂತಕ್ಕೆ ಬಂದಿಳಿದು ಧರ್ಮಪ್ರಸಾರವನ್ನು ಆರಂಭಿಸಿದನು. ಆದರೆ ಅದಕ್ಕೂ ಮುಂಚೆಯೇ, ಜರ್ಮಾನಿಕ್ ಜನರು ಯೂರೋಪಿನ ನೆಲದಲ್ಲಿದ್ದಾಗಲೇ, ಚರ್ಚ್ ಎಂಬ ಪದ ಅವರ ಕಿವಿಗೆ ಬಿದ್ದಿತ್ತು. ಇದರ ಮೂಲ ‘ಕೂರಿಯಾಕೋನ್’, ಎಂದರೆ ಸ್ವಾಮಿಗೆ ಸೇರಿದ ಮನೆ. ಲ್ಯಾಟಿನ್ ಕ್ರೈಸ್ತರು ಬಳಸುತ್ತಿದ್ದುದು ‘ಎಕ್ಲೇಸಿಯಾ’ ಎಂಬ ಇನ್ನೊಂದು ಗ್ರೀಕ್ ಪದ. ಫ್ರೆಂಚರಿಗೆ ಅದೇ ಉಳಿಯಿತು, ಇಂಗ್ಲಿಷರಿಗೂ ಜರ್ಮನರಿಗೂ ಮೊದಲನೆಯದು ಸಂದಿತು. ಬಿಷಪ್ ಎಂಬುದರ ಹಿಂದಿರುವ ‘ಎಪಿಸ್ಕೋಪೋಸ್’ ಮೇಲ್ವಿಚಾರಕನೆಂಬ ಲೌಕಿಕ ಹೆಸರಾಗಿತ್ತು. ಪ್ರೀಸ್ಟ್ ಎಂಬುದು ‘ಪ್ರೆಸ್ಬುತೆರೋಸ್’, ಅರ್ಥಾತ್ ಹಿರಿಯ. ಏಂಜಲ್ ಎಂಬುದು ದೂತ. ಡೆವಿಲ್ ಎಂಬುದರ ಮೂಲವಾದ ‘ದಿಯಾಬೊಲೋಸ್’ ಎಂದರೆ ಚಾಡಿಕೋರ. ಭಿಕ್ಷೆಯೆಂಬರ್ಥದ ಆಮ್ಸ್ ಎಂಬ ಪದವನ್ನು ನೋಡಿ: ಗ್ರೀಕಿನಲ್ಲಿ ಅದು ‘ಎಲೆಏಮೊಸೂನೇ’, ಕರುಣೆಯೆಂದರ್ಥ, ಆರು ಅಕ್ಷರಗಳ ಆ ಶಬ್ದವು ಸಾಮಾನ್ಯ ಜನರ ನಾಲಗೆಯ ಮೇಲೆ ಶತಮಾನಗಳ ಕಾಲ ಸವೆದು ಒಂದೇ ಉಸಿರಿನ ಮಾತಾಗಿ ನಿಂತಿದೆ. ಇಷ್ಟು ಸವೆದ ಪದಗಳಲ್ಲಿ ಗ್ರೀಕಿನ ಛಾಯೆಯನ್ನು ಯಾರೂ ಗುರುತಿಸಲಾರರು; ಹಳೆಯ ಎರವಲಿನ ಲಕ್ಷಣವೇ ಇದು.

ಮನೆವಾರ್ತೆಯ ಪದಗಳು ಬಹುಪಾಲು ಲ್ಯಾಟಿನ್ ಮತ್ತು ಹಳೆಯ ಫ್ರೆಂಚಿನ ಮೂಲಕ ಬಂದವು. ಕೂರುವ ಪೀಠವೆಂಬರ್ಥದ ‘ಕಥೇದ್ರಾ’ ಎಂಬ ಒಂದೇ ಶಬ್ದ ಎರಡು ದಾರಿ ಹಿಡಿದು, ಜನರ ಬಾಯಲ್ಲಿ ಸವೆದು ಚೇರ್ ಆಯಿತು, ಪಂಡಿತರ ಬರಹದಲ್ಲಿ ಅಖಂಡವಾಗಿ ಉಳಿದು, ಬಿಷಪ್ಪನ ಪೀಠವಿರುವ ಮಹಾದೇವಾಲಯಕ್ಕೆ ಕೆಥೀಡ್ರಲ್ ಎಂಬ ಹೆಸರಾಯಿತು. ಎಸೆಯುವ ಚಕ್ರವೆಂಬರ್ಥದ ‘ದಿಸ್ಕೋಸ್’ನಿಂದ ಡಿಸ್ಕ್, ಡಿಶ್, ಡೆಸ್ಕ್ ಎಂಬ ಮೂರು ಪದಗಳು, ಬೇರೆ ಬೇರೆ ಕಾಲಗಳಲ್ಲಿ, ಅಣ್ಣತಮ್ಮಂದಿರೆಂಬ ಗುರುತೇ ಸಿಗದಂತೆ ಬಂದಿವೆ. ಇಂಕ್ ಎಂಬುದು ‘ಎಂಕೌಸ್ತೋನ್’: ಕಡೆಗಾಲದ ರೋಮನ್ ಚಕ್ರವರ್ತಿಗಳು ತಮ್ಮ ಶಾಸನಗಳಿಗೆ ಅಂಕಿತ ಹಾಕುತ್ತಿದ್ದ ಕೆನ್ನೀಲಿ ಮಸಿಯ ಹೆಸರು ಅದು. ಅಳಿಲಿಗೆ ಗ್ರೀಕರು ‘ಸ್ಕಿಯೂರೋಸ್’, ಎಂದರೆ ಬಾಲವೇ ನೆರಳಾದುದು, ಎಂಬ ಅಂದವಾದ ಹೆಸರಿಟ್ಟಿದ್ದರು. ಇಂಗ್ಲಿಷಿನ ಸ್ಕ್ವಿರಲ್ ಅದರ ಅಪಭ್ರಂಶ. ವ್ಯಾಕರಣವೆಂಬರ್ಥದ ಗ್ರಾಮರ್ ಎಂಬ ಪದವೇ ಸ್ಕಾಟ್ಲೆಂಡಿನಲ್ಲಿ ಗ್ಲ್ಯಾಮರ್ ಎಂದು ಮಾರ್ಪಟ್ಟಿತು. ಓದುಬರಹ ಬಲ್ಲವನಿಗೆ ಮಂತ್ರವೂ ಗೊತ್ತಿರುತ್ತದೆಂಬ ಹಳ್ಳಿಗರ ನಂಬಿಕೆಯಿಂದ ಅದಕ್ಕೆ ಮಾಯೆಯೆಂಬ ಅರ್ಥ ಬಂದಿತು, ಮುಂದೆ ಮೋಹಕ ಸೌಂದರ್ಯವೆಂಬ ಅರ್ಥವೂ ಕೂಡಿತು.

ಟ್ರೀಕಲ್ ಎಂಬ ಪದದ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಕಾಡುಮೃಗಕ್ಕೆ ಗ್ರೀಕಿನಲ್ಲಿ ‘ಥೇರಿಯೋನ್’ ಎಂದು ಹೆಸರು. ಹಾವು ಮೊದಲಾದ ವಿಷಜಂತುಗಳ ಕಡಿತಕ್ಕೆ ಕೊಡುವ ಪ್ರತಿವಿಷ ‘ಥೇರಿಯಾಕೇ’ ಎನಿಸಿತು. ನೀರೋ ಚಕ್ರವರ್ತಿಯ ವೈದ್ಯನಾದ ಆಂಡ್ರೊಮ್ಯಾಕಸನು ಅನೇಕ ಮೂಲಿಕೆಗಳೊಡನೆ ವಿಷಸರ್ಪದ ಮಾಂಸವನ್ನೂ ಜೇನನ್ನೂ ಸೇರಿಸಿ ಈ ಲೇಹ್ಯವನ್ನು ಪ್ರಸಿದ್ಧಿಗೆ ತಂದನು. ಮಧ್ಯಯುಗದಲ್ಲಿ ವೆನಿಸ್ ನಗರದ ಲೇಹ್ಯಕ್ಕೆ ಯೂರೋಪಿನಲ್ಲೆಲ್ಲ ಬೇಡಿಕೆಯಿತ್ತು. ಔಷಧದ ಕಹಿಯನ್ನು ಮರೆಸಲು ಸೇರಿಸುತ್ತಿದ್ದ ಸಿಹಿಪಾಕದ ಕಡೆಗೆ ಹೆಸರು ಕ್ರಮೇಣ ಜಾರಿ, ಹದಿನೇಳನೆಯ ಶತಮಾನದ ವೇಳೆಗೆ ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಾಕಂಬಿಗೆ ಇಂಗ್ಲೆಂಡಿನವರು ಟ್ರೀಕಲ್ ಎನ್ನತೊಡಗಿದರು. 1568ರ ‘ಬಿಷಪ್ಸ್ ಬೈಬಲ್’ ಎಂಬ ಭಾಷಾಂತರದಲ್ಲಿ ಪ್ರವಾದಿ ಯೆರೆಮೀಯನು ಗಿಲ್ಯಾದಿನಲ್ಲಿ ಔಷಧವಿಲ್ಲವೇ ಎಂದು ಕೇಳುವೆಡೆಯಲ್ಲಿ ಈ ಪದವೇ ಇದೆ. ಅಂದಿನ ಓದುಗನಿಗೆ ಅದರಲ್ಲಿ ಏನೂ ವಿಚಿತ್ರವಾಗಿ ಕಂಡಿರಲಾರದು, ಇಂದಿನವನಿಗೆ ಅದು ರೊಟ್ಟಿಗೆ ಸವರುವ ಪಾಕವಾಗಿ ಕಾಣುತ್ತದೆ.

ಆಥೆನ್ಸಿನ ಪೌರಜೀವನದಿಂದ ಹೊರಟ ಪದಗಳ ಗುಂಪು ಇದಕ್ಕಿಂತಲೂ ಅರ್ಥಪೂರ್ಣವಾದುದು. ಒಂದು ಪುಟ್ಟ ನಗರರಾಜ್ಯದ ಆಚಾರಗಳು ಅಳಿದು ಎರಡು ಸಾವಿರ ವರ್ಷಗಳಾದ ಮೇಲೂ ಅವುಗಳ ಹೆಸರುಗಳು ದೂರದ ದ್ವೀಪವೊಂದರ ಜನರ ಬೈಗುಳಗಳಲ್ಲಿಯೂ ಹೊಗಳಿಕೆಗಳಲ್ಲಿಯೂ ಬದುಕಿರುವುದನ್ನು ಇಲ್ಲಿ ಕಾಣಬಹುದು. ‘ಸ್ಖೊಲೇ’ ಎಂದರೆ ಬಿಡುವು. ದುಡಿಮೆಯ ಒತ್ತಡವಿಲ್ಲದವನು ಆ ಬಿಡುವನ್ನು ವಿಚಾರದಲ್ಲಿ ಕಳೆಯುತ್ತಿದ್ದನಾಗಿ ಅದು ವಿದ್ಯಾಗೋಷ್ಠಿಗೂ, ಅನಂತರ ಅದು ನಡೆಯುವ ಸ್ಥಳಕ್ಕೂ ಹೆಸರಾಗಿ ಸ್ಕೂಲ್ ಆಯಿತು. ‘ಇದಿಯೋತೇಸ್’ ಎಂದರೆ ಅಧಿಕಾರದಲ್ಲಿಲ್ಲದೆ ತನ್ನ ಪಾಡಿಗೆ ತಾನಿರುವ ಗೃಹಸ್ಥ. ವೃತ್ತಿಯ ತಿಳಿವಳಿಕೆಯಿಲ್ಲದವನೆಂಬ ಅರ್ಥವೂ ಗ್ರೀಕಿನಲ್ಲೇ ಅದಕ್ಕೆ ಸೇರಿತು, ಲ್ಯಾಟಿನಿನಲ್ಲಿ ಅಜ್ಞನೆಂದಾಯಿತು, ಫ್ರೆಂಚನ್ನು ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಇಡಿಯಟ್, ಎಂದರೆ ಶುದ್ಧ ಮೂಢ. ರಾಜಕಾರಣದಲ್ಲಿ ಭಾಗವಹಿಸದವರನ್ನೆಲ್ಲ ಗ್ರೀಕರು ಮೂಢರೆಂದು ಕರೆಯುತ್ತಿದ್ದರೆಂದು ಭಾಷಣಕಾರರು ಆಗಾಗ ಹೇಳುವುದುಂಟು. ಅದು ಸರಿಯಲ್ಲ, ಬೈಗುಳದ ಅರ್ಥ ಬಂದದ್ದು ಗ್ರೀಸಿನಿಂದಾಚೆ.

ಬಹಿಷ್ಕಾರವೆಂಬರ್ಥದ ಆಸ್ಟ್ರಸಿಸಂ ಎಂಬ ಮಾತಿನಲ್ಲಿ ಒಂದು ಮಡಕೆಯ ಚೂರು ಅಡಗಿದೆ. ಆಥೆನ್ಸಿನಲ್ಲಿ ಹಾಳೆ ದುಬಾರಿ, ಒಡೆದ ಮಡಕೆ ಎಲ್ಲೆಲ್ಲೂ ಸುಲಭ. ಅದರ ಚೂರಿಗೆ ‘ಓಸ್ತ್ರಕೋನ್’ ಎಂದು ಹೆಸರು. ಯಾವನಾದರೂ ನಾಯಕನು ಮಿತಿಮೀರಿ ಪ್ರಬಲನಾಗುತ್ತಿದ್ದಾನೆಂಬ ಶಂಕೆ ಹುಟ್ಟಿದಾಗ ಪೌರರು ಊರ ಚೌಕವಾದ ಅಗೊರಾದಲ್ಲಿ ನೆರೆದು, ತಮಗೆ ಬೇಡವಾದವನ ಹೆಸರನ್ನು ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಪ್ಲೂಟಾರ್ಕನು ಹೇಳುವಂತೆ ಒಟ್ಟು 6,000 ಚೂರುಗಳಿಗೆ ಕಡಮೆಯಾಗದಿದ್ದರೆ, ಹೆಚ್ಚು ಚೂರುಗಳಲ್ಲಿ ಹೆಸರಿದ್ದವನು ಹತ್ತು ವರ್ಷ ಊರನ್ನು ಬಿಟ್ಟು ಹೋಗಬೇಕಾಗಿತ್ತು, ಆದರೆ ಅವನ ಆಸ್ತಿಗೆ ಯಾರೂ ಕೈಹಚ್ಚುತ್ತಿರಲಿಲ್ಲ. ಈ ಪದ್ಧತಿ ಮೊದಲು ಜಾರಿಗೆ ಬಂದದ್ದು ಕ್ರಿ.ಪೂ. 487ರಲ್ಲಿ. ನ್ಯಾಯನಿಷ್ಠನೆಂದು ಹೆಸರಾದ ಅರಿಸ್ಟೈಡೀಸನ ಬಳಿಗೆ ಓದುಬಾರದ ಹಳ್ಳಿಗನೊಬ್ಬನು ಬಂದು, ಅವನಾರೆಂದು ತಿಳಿಯದೆ, ಚೂರಿನ ಮೇಲೆ ಅರಿಸ್ಟೈಡೀಸನ ಹೆಸರನ್ನೇ ಬರೆದುಕೊಡಬೇಕೆಂದು ಬೇಡಿದನಂತೆ. ಅವನು ನಿನಗೇನು ಕೇಡು ಮಾಡಿದನೆಂದು ಕೇಳಲು, ಏನೂ ಇಲ್ಲ, ಎಲ್ಲೆಲ್ಲೂ ಅವನನ್ನು ನ್ಯಾಯವಂತನೆಂದು ಕೊಂಡಾಡುವುದನ್ನು ಕೇಳಿ ಕೇಳಿ ಬೇಸರವಾಗಿದೆಯೆಂದನಂತೆ. ಅರಿಸ್ಟೈಡೀಸನು ಮರುಮಾತಾಡದೆ ತನ್ನ ಹೆಸರನ್ನು ತಾನೇ ಬರೆದುಕೊಟ್ಟನೆಂದು ಪ್ಲೂಟಾರ್ಕನ ಕಥನ. ಉತ್ಖನನಕಾರರಿಗೆ ಇಂಥ ಚೂರುಗಳು ಹತ್ತು ಸಾವಿರಕ್ಕೂ ಮಿಕ್ಕಿ ದೊರೆತಿವೆ. ಆಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಸಿಕ್ಕಿದ ಸುಮಾರು 190 ಚೂರುಗಳ ಮೇಲೆ ಥೆಮಿಸ್ಟೊಕ್ಲೀಸನ ಹೆಸರಿದೆ, ಆದರೆ ಕೈಬರಹಗಳು 14 ಮಾತ್ರ. ಅಂದರೆ ಅವನ ವಿರೋಧಿಗಳು ಮೊದಲೇ ಬರೆದಿಟ್ಟು ಹಂಚಲು ಸಿದ್ಧಪಡಿಸಿದ್ದರೆಂಬುದು ಸ್ಪಷ್ಟ.

ಸಿಕೊಫಂಟ್ ಎಂಬುದು ಇಂಗ್ಲಿಷಿನಲ್ಲಿ ಹೊಗಳುಭಟ್ಟ. ಆಥೆನ್ಸಿನಲ್ಲಿ ಅವನು ಲಾಭಕ್ಕಾಗಿ ಸುಳ್ಳು ಮೊಕದ್ದಮೆ ಹೂಡುವ ಪಿಸುಣನಾಗಿದ್ದನು, ಇಂದಿನ ಗ್ರೀಕಿನಲ್ಲಿಯೂ ಆ ಪದಕ್ಕೆ ನಿಂದಕನೆಂದೇ ಅರ್ಥ. ಶಬ್ದಶಃ ಅದು ‘ಅಂಜೂರವನ್ನು ತೋರಿಸುವವನು’; ನಿಷೇಧವಿದ್ದಾಗ ಅಂಜೂರವನ್ನು ಸಾಗಿಸುವವರನ್ನು ಹಿಡಿದುಕೊಡುತ್ತಿದ್ದವನೆಂದು ಪ್ರಾಚೀನರು ಕೊಟ್ಟ ವಿವರಣೆ ಊಹೆಯೆಂದೇ ತೋರುತ್ತದೆ. ಪ್ಯಾನಿಕ್ ಎಂಬ ಮಾತು ಆಡಿನ ಕಾಲಿನ ವನದೇವತೆ ಪ್ಯಾನನಿಂದ ಬಂದುದು. ನಿರ್ಜನ ಗುಡ್ಡಗಳಲ್ಲಿ ದನಕರುಗಳೂ ಸೈನ್ಯಗಳೂ ಕಾರಣವಿಲ್ಲದೆ ಬೆದರಿ ಚೆದರುವುದು ಅವನ ಚೇಷ್ಟೆಯೆಂದು ಗ್ರೀಕರು ನಂಬಿದ್ದರು. ಕ್ರಿ.ಪೂ. 490ರಲ್ಲಿ ಪಾರಸಿಕರು ಮ್ಯಾರಥಾನಿನಲ್ಲಿ ಬಂದಿಳಿದಾಗ ಸಹಾಯ ಬೇಡಲು ಸ್ಪಾರ್ಟಕ್ಕೆ ಓಡಿದ ಫಿಡಿಪ್ಪಿಡೀಸನಿಗೆ ಪಾರ್ಥೆನಿಯೋನ್ ಬೆಟ್ಟದಲ್ಲಿ ಈ ಪ್ಯಾನನೇ ಕಾಣಿಸಿಕೊಂಡನೆಂದು ಹೆರೊಡೊಟಸ್ ಬರೆದಿದ್ದಾನೆ. ಯುದ್ಧಭೂಮಿಯಿಂದ ಆಥೆನ್ಸಿಗೆ ಓಡಿ, ಗೆಲವನ್ನು ಸಾರಿ ಪ್ರಾಣಬಿಟ್ಟ ದೂತನ ಕಥೆ ಅವನಲ್ಲಿಲ್ಲ; ಅದು ಆರು ಶತಮಾನಗಳ ತರುವಾಯದ ಬರಹಗಾರರದು. ಆದರೂ ಆ ಕಥೆಯನ್ನು ನೆನೆದೇ ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾಶಾಸ್ತ್ರಜ್ಞನು 1896ರ ಆಥೆನ್ಸ್ ಒಲಿಂಪಿಕ್ ಕ್ರೀಡೆಗಳಿಗೆ ದೀರ್ಘ ಓಟವೊಂದನ್ನು ಸೂಚಿಸಿದನು. ಅದರಲ್ಲಿ ಗ್ರೀಸಿನ ಸ್ಪಿರಿಡಾನ್ ಲೂಯಿಸ್ ಗೆದ್ದನು. ಅಂದಿನಿಂದ ಮ್ಯಾರಥಾನ್ ಎಂಬ ಊರಿನ ಹೆಸರು ದೀರ್ಘವಾದ ಯಾವ ಸಾಧನೆಗಾದರೂ ಸಲ್ಲುವ ಮಾತಾಗಿದೆ.

ಡಯೊನೈಸಸ್ ದೇವನ ರಂಗಸ್ಥಳದಿಂದ ಬಂದ ಪದಗಳೂ ಸ್ಥಾನಪಲ್ಲಟ ಹೊಂದಿವೆ. ಆರ್ಕೆಸ್ಟ್ರಾ ಮೇಳದವರು ಕುಣಿಯುತ್ತಿದ್ದ ವೃತ್ತಾಕಾರದ ನೆಲ; ಸೀನ್ ಎಂಬುದು ಅದರ ಹಿಂದೆ ವೇಷ ಬದಲಿಸಲು ಹಾಕಿದ ಡೇರೆ; ಥಿಯೇಟರ್ ಎಂಬುದು ನೋಡುವವರು ಕೂರುವ ಎಡೆ. ನಟನಿಗೆ ‘ಹುಪೊಕ್ರಿತೇಸ್’ ಎಂಬ ಗೌರವದ ಹೆಸರಿತ್ತು. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಭಕ್ತಿಯ ಸೋಗು ಹಾಕುವವರನ್ನು ಖಂಡಿಸಲು ಅದನ್ನು ಬಳಸಿದ ಮೇಲೆ ಹಿಪೊಕ್ರಿಟ್ ಎಂಬುದು ಕಪಟಿಗೆ ಮಾತ್ರ ಮೀಸಲಾಯಿತು.

ವೈದ್ಯದ ಪರಿಭಾಷೆಯಲ್ಲಿ ಗ್ರೀಕಿನ ಆಧಿಪತ್ಯ ಅಖಂಡವಾದುದು. ಕಾಸ್ ದ್ವೀಪದ ಹಿಪ್ಪೊಕ್ರಟೀಸನ ಸಂಪ್ರದಾಯವೂ ಅದನ್ನು ಬೆಳೆಸಿದ ಗೇಲನ್ನನ ಗ್ರಂಥಗಳೂ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತವೆಂಬ ನಾಲ್ಕು ರಸಗಳನ್ನು ಹೇಳಿದವು; ವಾತ ಪಿತ್ತ ಕಫಗಳ ಸಮತೆಯನ್ನು ಹೇಳುವ ಆಯುರ್ವೇದವನ್ನು ಬಲ್ಲ ನಮ್ಮವರಿಗೆ ಈ ವಿಚಾರಸರಣಿ ಅಪರಿಚಿತವೆನಿಸದು. ಕಪ್ಪು ಪಿತ್ತ ಹೆಚ್ಚಿದರೆ ಮನಸ್ಸು ಕುಂದುತ್ತದೆಂಬ ಮತದಿಂದ ಮೆಲಂಕಲಿ ಬಂದಿತು. ಆ ಮತ ಬಿದ್ದುಹೋಗಿ ಕಾಲವಾಗಿದ್ದರೂ ವಿಷಾದಕ್ಕೆ ಅದೇ ಹೆಸರು ನಿಂತಿದೆ. ಕ್ರೈಸಿಸ್ ಎಂಬುದರ ಮೂಲಾರ್ಥ ತೀರ್ಪು. ರೋಗಿ ಉಳಿಯುವನೋ ಅಳಿಯುವನೋ ಎಂಬುದು ನಿರ್ಧಾರವಾಗುವ ಗಳಿಗೆಗೆ ವೈದ್ಯರು ಅದನ್ನು ಬಳಸಿದರು, ಇಂದು ಬ್ಯಾಂಕುಗಳಿಗೂ ಸರ್ಕಾರಗಳಿಗೂ ಅದು ಒದಗುತ್ತದೆ. ಸರ್ಜನ್ ಎಂದರೆ ಕೈಯಿಂದ ಕೆಲಸ ಮಾಡುವವನು, ಕ್ಲಿನಿಕ್ ಎಂಬುದು ಹಾಸಿಗೆಗೆ ಸಂಬಂಧಿಸಿದುದು.

ರೋಮನ್ ಸಾಮ್ರಾಜ್ಯದ ಪಶ್ಚಿಮಾರ್ಧ ಕುಸಿದ ಮೇಲೆ ಆ ಭಾಗದ ಯೂರೋಪಿನಲ್ಲಿ ಗ್ರೀಕನ್ನು ಬಲ್ಲವರು ವಿರಳವಾದರು. ಆ ಶತಮಾನಗಳಲ್ಲಿ ಗ್ರೀಕ್ ವಿದ್ಯೆಯ ಬಹುಭಾಗವನ್ನು ಕಾಪಾಡಿದವರಲ್ಲಿ ಬೈಜಾಂಟಿಯಮ್ಮಿನವರೊಡನೆ ಅರಬ್ಬಿ ಪಂಡಿತರನ್ನೂ ಕೃತಜ್ಞತೆಯಿಂದ ನೆನೆಯಬೇಕು. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮೊದಲಾದವರು ಗೇಲನ್ನನನ್ನು ಭಾಷಾಂತರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಟೊಲೀಡೊ ನಗರದಲ್ಲಿ ಅರಬ್ಬಿ ಗ್ರಂಥಗಳು ಲ್ಯಾಟಿನಿಗೆ ಇಳಿದವು. ಹೀಗೆ ಸುತ್ತಿ ಬಂದ ಪದಗಳಲ್ಲಿ ಅರಬ್ಬಿಯ ಮುದ್ರೆ ಇದ್ದೇ ಇದೆ. ಎಲಿಕ್ಸರ್ ಎಂಬ ಸಂಜೀವಿನೀರಸದ ಹೆಸರು ಮೊದಲು ‘ಕ್ಸೇರಿಯೋನ್’, ಗಾಯವನ್ನು ಒಣಗಿಸುವ ಪುಡಿ. ಟ್ಯಾಲಿಸ್ಮನ್ ಎಂಬ ತಾಯಿತ ‘ತೆಲೆಸ್ಮಾ’. ಚಿನಿವಾರರು ವಜ್ರವನ್ನು ತೂಗುವ ಕ್ಯಾರಟ್ ಎಂಬ ಮಾನ ‘ಕೆರಾತಿಯೋನ್’, ಎಂದರೆ ಪುಟ್ಟ ಕೊಂಬು, ಕೊಂಬಿನಾಕಾರದ ಕ್ಯಾರಬ್ ಕಾಯಿಯ ಬೀಜ. ನಮ್ಮಲ್ಲಿ ಚಿನ್ನ ತೂಗಲು ಗುಲಗಂಜಿ ನಡೆಯುತ್ತಿದ್ದಂತೆ ಅಲ್ಲಿ ಆ ಬೀಜ ನಡೆಯುತ್ತಿತ್ತು.

1397ರಲ್ಲಿ ಮಾನ್ಯುಯೆಲ್ ಕ್ರಿಸೊಲೊರಾಸನು ಕಾನ್‌ಸ್ಟಾಂಟಿನೋಪಲಿನಿಂದ ಫ್ಲಾರೆನ್ಸಿಗೆ ಬಂದು ಗ್ರೀಕನ್ನು ಬೋಧಿಸಲಾರಂಭಿಸಿದ್ದು ಒಂದು ಹೊಸ ಯುಗದ ಮೊದಲು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಪಂಡಿತರೂ ಹಸ್ತಪ್ರತಿಗಳೂ ಇಟಲಿಗೆ ಇನ್ನಷ್ಟು ಬಂದುವು; ಶತಮಾನದ ಕೊನೆಗೆ ವೆನಿಸಿನಲ್ಲಿ ಆಲ್ಡಸ್ ಮನುಷಿಯಸನ ಮುದ್ರಣಾಲಯ ಗ್ರೀಕ್ ಗ್ರಂಥಗಳನ್ನು ಅಚ್ಚುಹಾಕತೊಡಗಿತು. ಇಂಗ್ಲಿಷಿಗೆ ಗ್ರೀಕ್ ಶಬ್ದಗಳು ಪುಸ್ತಕದಿಂದ ನೇರವಾಗಿ ಬರತೊಡಗಿದ್ದು ಈ ಅಲೆಯ ಫಲ. ಈ ಪ್ರವಾಹವನ್ನು ಕಂಡು ಗಾಬರಿಗೊಂಡವರಲ್ಲಿ ಸರ್ ಜಾನ್ ಚೀಕ್ ಒಬ್ಬನು. 1540ರಲ್ಲಿ ಕೇಂಬ್ರಿಜ್‌ನಲ್ಲಿ ರಾಜನು ಸ್ಥಾಪಿಸಿದ ಗ್ರೀಕ್ ಪೀಠದ ಮೊದಲ ಪ್ರಾಧ್ಯಾಪಕನೇ ಆಗಿದ್ದ ಈತನು, ನಮ್ಮ ಭಾಷೆಯನ್ನು ಅನ್ಯಭಾಷೆಗಳ ಸಂಕರವಿಲ್ಲದೆ ಶುದ್ಧವಾಗಿ ಬರೆಯಬೇಕೆಂದು 1557ರ ಪತ್ರವೊಂದರಲ್ಲಿ ವಾದಿಸಿದನು. ಮತ್ತಾಯನ ಸುವಾರ್ತೆಯನ್ನು ಭಾಷಾಂತರಿಸುವಾಗ ಶತಾಧಿಪತಿಗೆ ರೂಢಿಯಲ್ಲಿದ್ದ ಲ್ಯಾಟಿನ್ ಪದವನ್ನು ಬಿಟ್ಟು ಹಂಡ್ರೆಡರ್ ಎಂಬ ಅಚ್ಚ ಇಂಗ್ಲಿಷ್ ಪದವನ್ನು ಕಟ್ಟಿದನು. ಗ್ರೀಕನ್ನು ಅಷ್ಟು ಪ್ರೀತಿಸಿದವನೇ ತನ್ನ ತಾಯ್ನುಡಿಗಾಗಿ ಹೀಗೆ ನಿಂತನೆಂಬುದು ಗೌರವಾರ್ಹವಾದ ಸಂಗತಿ. ಆದರೆ ಕಾಲವು ಅವನ ಮಾತನ್ನು ಕೇಳಲಿಲ್ಲ.

ಬಿಡಿಪದಗಳಿಗಿಂತ ಹೆಚ್ಚಾಗಿ ನಾಣ್ಣುಡಿಗಳ ಮತ್ತು ಪಡೆನುಡಿಗಳ ಋಣ ಒಬ್ಬ ವ್ಯಕ್ತಿಗೆ ಸಲ್ಲಬೇಕು. ಅವನು ರಾಟರ್‌ಡಾಮಿನ ಎರಾಸ್ಮಸ್. 1500ರಲ್ಲಿ ಪ್ಯಾರಿಸಿನಲ್ಲಿ ಸುಮಾರು 800 ಗಾದೆಗಳೊಡನೆ ಪ್ರಕಟವಾದ ಅವನ ‘ಅಡಾಜಿಯ’ ಎಂಬ ಲ್ಯಾಟಿನ್ ಸಂಕಲನ, 1508ರಲ್ಲಿ ಆಲ್ಡಸನ ಮುದ್ರಣಾಲಯದಿಂದ ಹೊರಟಾಗ ಮೂರು ಸಾವಿರವನ್ನು ಮೀರಿತ್ತು, ಅವನ ಜೀವಿತದ ಕೊನೆಗೆ ನಾಲ್ಕು ಸಾವಿರವನ್ನು ಮೀರಿತು. ಹೆಸಿಯೊಡನ ಕಾವ್ಯದಲ್ಲಿ ಪ್ಯಾಂಡೋರಾ ಎಂಬ ಹೆಣ್ಣು ಮುಚ್ಚಳ ತೆಗೆದು ಲೋಕಕ್ಕೆಲ್ಲ ಕೇಡುಗಳನ್ನು ಹರಡುವುದು ‘ಪಿಥೋಸ್’ನಿಂದ; ಅದು ಎಣ್ಣೆ ಅಥವಾ ಧಾನ್ಯವನ್ನು ತುಂಬಿಡುವ, ಆಳೆತ್ತರದ ಗುಡಾಣ. ಎರಾಸ್ಮಸನು ಅದನ್ನು ‘ಪುಕ್ಸಿಸ್’ ಎಂದು ಬರೆದನು, ಅದು ಕೈಯಲ್ಲಿ ಹಿಡಿಯುವ ಸಂಪುಟ. ಹೀಗಾಗಿ ಇಂಗ್ಲಿಷಿನಲ್ಲಿ ಪ್ಯಾಂಡೋರಾಳ ಬಾಕ್ಸ್ ಎಂಬ ಮಾತು ನೆಲೆಗೊಂಡಿತು. ಬಾಕ್ಸ್ ಎಂಬ ಪದವೂ ಆ ‘ಪುಕ್ಸಿಸ್’ನ ಸಂತಾನವೇ. ಇದ್ದುದನ್ನು ಇದ್ದಂತೆ ಹೇಳುವುದಕ್ಕೆ ಇಂಗ್ಲಿಷರು ಸನಿಕೆಯನ್ನು ಸನಿಕೆಯೆನ್ನುವುದು ಎನ್ನುತ್ತಾರೆ. ಪ್ಲೂಟಾರ್ಕನಲ್ಲಿ ಮ್ಯಾಸಿಡೋನಿಯದವರ ಒರಟುತನದ ಬಗೆಗೆ ಅವರ ದೊರೆ ಫಿಲಿಪ್ಪನು ಆಡಿದ ಮಾತಿನಲ್ಲಿ ಇರುವುದು ಸನಿಕೆಯಲ್ಲ, ಮರಿಗೆ. ಇಲ್ಲಿಯೂ ಎರಾಸ್ಮಸನ ಲ್ಯಾಟಿನ್ ಅನುವಾದ ವಸ್ತುವನ್ನು ಬದಲಿಸಿತು, 1542ರಲ್ಲಿ ನಿಕೊಲಸ್ ಯೂಡಲ್ ಅದನ್ನೇ ಇಂಗ್ಲಿಷಿಗೆ ತಂದನು. ಕಲ್ಲೊಂದನ್ನೂ ಮಗುಚದೆ ಬಿಡಬಾರದೆಂಬ ನುಡಿ ಕ್ರಿ.ಪೂ. 479ರ ಪ್ಲಟೀಯ ಯುದ್ಧದ ಬಳಿಕ ಹುಟ್ಟಿತೆಂದು ಪ್ರಾಚೀನರ ಹೇಳಿಕೆ: ಪಾರಸಿಕ ಸೇನಾಪತಿ ಮಾರ್ಡೋನಿಯಸನು ಹೂತಿಟ್ಟ ನಿಧಿಯನ್ನು ಹುಡುಕಿ ಸೋತವನೊಬ್ಬನಿಗೆ ಡೆಲ್ಫಿಯ ದೈವವಾಣಿ ಎಲ್ಲ ಕಲ್ಲನ್ನೂ ಕದಲಿಸೆಂದು ಅಪ್ಪಣೆ ಕೊಡಿಸಿತಂತೆ.

ಪುರಾಣದಿಂದಲೂ ಚರಿತ್ರೆಯಿಂದಲೂ ಬಂದ ಮಿಕ್ಕ ನುಡಿಗಳನ್ನು ಇಲ್ಲಿ ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ಅಖಿಲೀಸನ ಹಿಮ್ಮಡಿಯೊಂದೇ ಅವನ ಮರ್ಮಸ್ಥಾನವೆಂಬ ಕಥೆ ಹೋಮರನಲ್ಲಿಲ್ಲ, ಒಂದನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸನಲ್ಲಿದೆ. ದುರ್ಬಲ ತಾಣವೆಂಬ ಅರ್ಥದಲ್ಲಿ ಇಂಗ್ಲಿಷಿಗೆ ಅದು ರೂಢಿಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಎಟುಕದ ದ್ರಾಕ್ಷಿ ಹುಳಿಯೆಂಬ ನರಿಯ ಕಥೆ ಈಸೋಪನದು. ಅಲೆಗ್ಸಾಂಡರನು ಕ್ರಿ.ಪೂ. 333ರಲ್ಲಿ ಕತ್ತಿಯಿಂದ ಕಡಿದನೆನ್ನಲಾದ ಗೋರ್ಡಿಯಮ್ಮಿನ ಗಂಟು ಬಿಡಿಸಲಾಗದ ಸಮಸ್ಯೆಗೆ ಹೆಸರಾಗಿದೆ. ಆಥೆನ್ಸಿಗೆ ಕ್ರಿ.ಪೂ. ಏಳನೆಯ ಶತಮಾನದಲ್ಲಿ ಶಾಸನ ಬರೆದುಕೊಟ್ಟ ಡ್ರೇಕೋನು ಕ್ರೂರ ಕಾನೂನಿಗೆಲ್ಲ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಸ್ಪಾರ್ಟದ ನಾಡಾದ ಲಕೋನಿಯ ಮಿತಭಾಷೆಗೆ ಲಕಾನಿಕ್ ಎಂಬ ಮಾತನ್ನು ಕೊಟ್ಟಿದೆ. ನಾನು ನಿಮ್ಮ ನೆಲವನ್ನು ಹೊಕ್ಕೆನಾದರೆ ಸರ್ವನಾಶ ಮಾಡುವೆನೆಂದು ಫಿಲಿಪ್ಪನು ಬೆದರಿಸಿ ಬರೆದಾಗ ಆ ಜನ ‘ಆದರೆ’ ಎಂಬ ಒಂದೇ ಮಾತನ್ನು ಉತ್ತರವಾಗಿ ಕಳುಹಿಸಿದರೆಂದು ಪ್ಲೂಟಾರ್ಕನು ಹೇಳುತ್ತಾನೆ.

ಈಚಿನ ನಾಲ್ಕು ಶತಮಾನಗಳಲ್ಲಿ ಹುಟ್ಟಿದ ‘ಗ್ರೀಕ್’ ಪದಗಳು ಯಾವ ಪ್ರಾಚೀನ ಗ್ರೀಕನೂ ಕೇಳದವು. ಗ್ಯಾಲಿಲಿಯೋವಿನ ಗೌರವಾರ್ಥ 1611ರಲ್ಲಿ ರೋಮಿನಲ್ಲಿ ನಡೆದ ಔತಣದಲ್ಲಿ ಟೆಲಿಸ್ಕೋಪ್ ಎಂಬ ಹೆಸರನ್ನು ಸೂಚಿಸಿದವನು ಡೆಮಿಸಿಯಾನಿಯೆಂಬ ಗ್ರೀಕ್ ವಿದ್ವಾಂಸನೇನೋ ಹೌದು. ಉಳಿದ ನಿರ್ಮಾಪಕರು ಬಹುಮಟ್ಟಿಗೆ ಇತರ ದೇಶೀಯರು. ಉಜ್ಜಿದರೆ ಹುಲ್ಲನ್ನು ಸೆಳೆಯುವ ಅಂಬರಿಗೆ ಗ್ರೀಕರು ‘ಏಲೆಕ್ತ್ರೋನ್’ ಎನ್ನುತ್ತಿದ್ದುದರಿಂದ, 1600ರಲ್ಲಿ ವಿಲಿಯಂ ಗಿಲ್ಬರ್ಟನು ಆ ಗುಣವುಳ್ಳ ಪದಾರ್ಥಗಳಿಗೆ ಲ್ಯಾಟಿನಿನಲ್ಲಿ ಎಲೆಕ್ಟ್ರಿಕ್ ಎಂಬ ವಿಶೇಷಣವನ್ನು ಕಟ್ಟಿದನು. ಫ್ಲೆಮಿಷ್ ರಸಾಯನಜ್ಞ ಫಾನ್ ಹೆಲ್ಮಾಂಟನು ‘ಖಾಓಸ್’ ಎಂಬ ಆದಿಶೂನ್ಯದ ಹೆಸರನ್ನು ತನ್ನ ನಾಡಿನ ಉಚ್ಚಾರಣೆಗೆ ಒಗ್ಗಿಸಿ ಗ್ಯಾಸ್ ಎಂದನು. ಇಂದು ಕನ್ನಡನಾಡಿನ ಅಡುಗೆಮನೆಗಳಲ್ಲಿಯೂ ಅದು ಮನೆಮಾತು. ಊರಿನ ಹಂಬಲದಿಂದ ಕೊರಗುತ್ತಿದ್ದವರ ವ್ಯಾಧಿಯನ್ನು ವರ್ಣಿಸಲು ಯೋಹಾನೆಸ್ ಹೋಫರ್ 1688ರಲ್ಲಿ ಬಾಸೆಲಿನ ತನ್ನ ಪ್ರಬಂಧದಲ್ಲಿ ‘ಮರಳಿಕೆ’ ಮತ್ತು ‘ನೋವು’ ಎಂಬ ಗ್ರೀಕ್ ಪದಗಳನ್ನು ಕೂಡಿಸಿ ನಾಸ್ಟಾಲ್ಜಿಯ ಎಂಬುದನ್ನು ರಚಿಸಿದನು. ಲವೋಸಿಯೆಯು ಆಮ್ಲಗಳೆಲ್ಲಕ್ಕೂ ಕಾರಣವೆಂದು ಭಾವಿಸಿದ ವಾಯುವಿಗೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬರ್ಥದಲ್ಲಿ ಆಕ್ಸಿಜನ್ ಎಂದು ಹೆಸರಿಟ್ಟನು. ಆ ಭಾವನೆ ತಪ್ಪೆಂದು ಹಂಫ್ರಿ ಡೇವಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲೇ ತೋರಿಸಿದನು. ಆದರೂ ಹೆಸರು ನಿಂತಿತು, ನಾವು ಅದನ್ನು ಆಮ್ಲಜನಕವೆಂದು ಶಬ್ದಶಃ ಕನ್ನಡಿಸಿಕೊಂಡಾಗ ಆ ಹಳೆಯ ತಪ್ಪೂ ನಮ್ಮ ಪಠ್ಯಪುಸ್ತಕಗಳಿಗೆ ಬಂದಿತು. ವ್ಯುತ್ಪತ್ತಿಯನ್ನು ನೋಡಿ ವಸ್ತುವಿನ ಸ್ವರೂಪವನ್ನು ತೀರ್ಮಾನಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಗ್ರೀಕರು ಕೊಟ್ಟವರು ಮಾತ್ರವಲ್ಲ, ಕೊಂಡವರು ಕೂಡ. ಭಾರತದಿಂದ ಕೊಂಡುದನ್ನೂ ಅವರು ಇಂಗ್ಲಿಷಿಗೆ ದಾಟಿಸಿದ್ದಾರೆ. ಪೆಪ್ಪರ್ ಎಂಬುದು ಲ್ಯಾಟಿನಿನ ‘ಪಿಪೇರ್’, ಅದು ಗ್ರೀಕಿನ ‘ಪೆಪೆರಿ’, ಅದರ ಹಿಂದೆ ಇರುವುದು ಸಂಸ್ಕೃತದ ಪಿಪ್ಪಲಿ, ಕನ್ನಡದ ಹಿಪ್ಪಲಿ. ಹಿಪ್ಪಲಿಯ ಹೆಸರು ಪಶ್ಚಿಮದಲ್ಲಿ ಕರಿಮೆಣಸಿಗೂ ಅಂಟಿಕೊಂಡಿತು. ಜಿಂಜರ್ ಎಂಬ ಶುಂಠಿಯ ಹೆಸರು ‘ಜಿಂಗಿಬೆರಿಸ್’ ಮತ್ತು ಪ್ರಾಕೃತಗಳ ಮೂಲಕ ದ್ರಾವಿಡದ ‘ಇಂಜಿ’ ‘ವೇರ್’ ಎಂಬ ಪದಗಳನ್ನು ಮುಟ್ಟುತ್ತದೆ. ಆ ‘ವೇರ್’ ಕನ್ನಡದ ‘ಬೇರು’ ಅಲ್ಲದೆ ಬೇರೆಯಲ್ಲ. ಎದುರು ದಿಕ್ಕಿನಲ್ಲಿ, ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ, ಯವನರ ಜ್ಯೋತಿಷದೊಡನೆ ಅನೇಕ ಗ್ರೀಕ್ ಪಾರಿಭಾಷಿಕಗಳು ಸಂಸ್ಕೃತಕ್ಕೆ ಬಂದುವು. ವರಾಹಮಿಹಿರನು ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಸಿಂಹಕ್ಕೆ ಲೇಯ ಎಂಬ ಗ್ರೀಕ್ ಹೆಸರುಗಳನ್ನೂ ಕೊಟ್ಟಿದ್ದಾನೆ. ಹೋರಾ ಎಂಬ ಪದವನ್ನು ಕೆಲವರು ಅಹೋರಾತ್ರದ ಮೊದಲ ಮತ್ತು ಕಡೆಯ ಅಕ್ಷರಗಳನ್ನು ಬಿಟ್ಟು ಸಾಧಿಸುತ್ತಾರೆಂದು ಅವನೇ ಹೇಳುತ್ತಾನಾದರೂ, ಅದು ಇಂಗ್ಲಿಷಿನ ಅವರ್ ಹುಟ್ಟಿದ ಗ್ರೀಕ್ ‘ಹೋರಾ’ ಎಂಬುದರಲ್ಲಿ ಇಂದು ಸಂದೇಹವಿಲ್ಲ. ನಮ್ಮ ಸುರಂಗವೂ ಇಂಗ್ಲಿಷರ ಸಿರಿಂಜೂ ಕೊಳವೆಯೆಂಬರ್ಥದ ‘ಸೂರಿಂಗ್ಸ್’ ಎಂಬ ಒಂದೇ ಪದದಿಂದ ಬಂದುವೆಂದು ಬಹುಮಂದಿ ವಿದ್ವಾಂಸರ ಮತ. ಚುಚ್ಚುವ ಮೊನೆಗೂ, ವೃತ್ತವನ್ನೆಳೆಯುವಾಗ ಕೈವಾರದ ಮುಳ್ಳು ಊರಿ ನಿಲ್ಲುವ ಬಿಂದುವಿಗೂ ಗ್ರೀಕರು ‘ಕೆಂತ್ರೋನ್’ ಎನ್ನುತ್ತಿದ್ದರು. ಇಂಗ್ಲಿಷಿನ ಸೆಂಟರ್ ಅದರಿಂದಲೇ ಬಂದಿದೆ, ಕನ್ನಡದ ಕೇಂದ್ರವೂ ಅದರಿಂದಲೇ ಬಂದಿದೆ.